ಪೌಲನ ಓಲೆಗಳು: ಕನ್ನಡದ ಓದಿನಲ್ಲಿ ತೋರುವ ಕೆಲವು ತೊಡಕುಗಳು

ಕನ್ನಡ ಸಾಹಿತ್ಯದಲ್ಲಿ ಕ್ರೈಸ್ತ ವಸ್ತುವೆಂದೊಡನೆ ವಾಚಕರ ನೆನಪಿಗೆ ಬರುವುದು ಯೇಸುವಿನ ಚರಿತ್ರೆ. ಫರ್ಡಿನಂಡ್ ಕಿಟ್ಟೆಲ್ 1862ರಲ್ಲಿ ಪ್ರಕಟಿಸಿದ 'ಕಥಾಮಾಲೆ' ಆ ಚರಿತ್ರೆಯನ್ನು ಕನ್ನಡದ ಛಂದಸ್ಸಿಗೆ ಇಳಿಸಿತು; ಮಂಜೇಶ್ವರದ ಗೋವಿಂದ ಪೈಗಳ 'ಗೊಲ್ಗೊಥಾ' ಅದರ ಕೊನೆಯ ದಿನವನ್ನು ಖಂಡಕಾವ್ಯವಾಗಿಸಿತು. ಎರಡಕ್ಕೂ ಆಕರ ಸುವಾರ್ತೆಗಳೇ. ಆದರೆ ಸುವಾರ್ತೆಗಳು ಬರೆಯಲ್ಪಡುವುದಕ್ಕೆ ಮುಂಚೆಯೇ, ಕ್ರಿಸ್ತನ ಶಿಲುಬೆಯ ಮರಣವಾಗಿ ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ, ಊರಿಂದೂರಿಗೆ ಅಲೆಯುತ್ತಿದ್ದ ಒಬ್ಬ ಯೆಹೂದ್ಯನು ಗ್ರೀಕ್ ಭಾಷೆಯಲ್ಲಿ ಓಲೆಗಳನ್ನು ಹೇಳಿ ಬರೆಯಿಸಲಾರಂಭಿಸಿದ್ದನು. ಇಂದು ಉಳಿದಿರುವ ಕ್ರೈಸ್ತ ಬರಹಗಳಲ್ಲೆಲ್ಲ ಅವೇ ಹಳೆಯವು. ಗೊಲ್ಗೊಥಾದ ಬಳಿಯಲ್ಲಿ ಕನ್ನಡ ಕವಿ ನಿಂತಿರುವನು. ಪೌಲನ ಬಳಿಗೆ ಕನ್ನಡ ವಿಮರ್ಶಕನು ಅಷ್ಟಾಗಿ ಹೋದಂತಿಲ್ಲ. ಹೋದವರೂ ಒಂದು ಸಿದ್ಧ ಸೂತ್ರವನ್ನು ಕೈಯಲ್ಲಿ ಹಿಡಿದೇ ಹೋಗುವುದುಂಟು: ಕರ್ಮಕ್ಕಿಂತ ಭಕ್ತಿ ಮೇಲು ಎಂಬುದನ್ನು ನಮ್ಮ ಶರಣರು ಹೇಳಿದರು, ಅದನ್ನೇ ಪೌಲನೂ ಹೇಳಿದನು ಎಂಬುದು ಆ ಸೂತ್ರ. ಇದು ಪೂರ್ತಿ ಸುಳ್ಳಲ್ಲ. ಆದರೆ ಓಲೆಗಳನ್ನು ತೆರೆಯದೆಯೇ ಮುಚ್ಚಿಬಿಡುವಷ್ಟು ಅನುಕೂಲವಾದ ಮಾತು.

ಓಲೆಗಳನ್ನು ಬರೆದ ಕಾಲವನ್ನು ಮೊದಲು ಖಚಿತಪಡಿಸಿಕೊಳ್ಳುವುದು ಒಳಿತು. ಗ್ರೀಸ್ ದೇಶದ ಡೆಲ್ಫಿಯಲ್ಲಿ ಸಿಕ್ಕ ಒಂದು ಶಾಸನದಲ್ಲಿ ಅಖಾಯ ಪ್ರಾಂತದ ಅಧಿಪತಿ ಗಲ್ಲಿಯೋನನ ಹೆಸರು ಬರುತ್ತದೆ. ಅವನ ಅಧಿಕಾರಾವಧಿ ಕ್ರಿ.ಶ. 51-52ರ ಸುಮಾರಿಗೆ ನಿಲ್ಲುತ್ತದೆ. ಪೌಲನು ಕೊರಿಂಥದಲ್ಲಿದ್ದಾಗ ಇವನ ಮುಂದೆ ನಿಂತನೆಂದು 'ಅಪೊಸ್ತಲರ ಕೃತ್ಯಗಳು' ಹೇಳುವುದರಿಂದ, ಆ ಒಂದು ಗೂಟಕ್ಕೆ ಉಳಿದ ಕಾಲಗಣನೆಯನ್ನೆಲ್ಲ ಕಟ್ಟುವುದು ವಾಡಿಕೆ. ಥೆಸಲೊನೀಕದವರಿಗೆ ಬರೆದ ಮೊದಲ ಪತ್ರ ಸುಮಾರು 50ರದು. ಗಲಾತ್ಯ, ಕೊರಿಂಥ, ಫಿಲಿಪ್ಪಿ, ಫಿಲೆಮೋನ, ರೋಮ್ ಇವರಿಗೆ ಬರೆದವು ಅದರ ಹಿಂದುಮುಂದಿನ ದಶಕದಲ್ಲಿ ಹುಟ್ಟಿದವು. ಮಾರ್ಕನ ಸುವಾರ್ತೆಗೆ ಸುಮಾರು 70ನೆಯ ವರ್ಷದವರೆಗೆ ಕಾಯಬೇಕು. ಪೌಲನ ಹೆಸರಿನಲ್ಲಿ ಹದಿಮೂರು ಪತ್ರಗಳಿದ್ದರೂ ವಿದ್ವಾಂಸರೆಲ್ಲ ನಿಸ್ಸಂದೇಹವಾಗಿ ಅವನವೆನ್ನುವುದು ಏಳನ್ನು ಮಾತ್ರ. ತಿಮೊಥೆ ಮತ್ತು ತೀತರಿಗೆ ಬರೆದವೆನ್ನುವ ಮೂರು ಮುಂದಿನ ತಲೆಮಾರಿನವು ಎಂಬುದು ಬಹುಜನರ ಅಭಿಪ್ರಾಯ. ಎಫೆಸ ಮತ್ತು ಕೊಲೊಸ್ಸೆಯವರಿಗೆ ಬರೆದವುಗಳ ಹಾಗೂ ಥೆಸಲೊನೀಕದವರಿಗೆ ಬರೆದ ಎರಡನೆಯದರ ಬಗೆಗೆ ಚರ್ಚೆ ಮುಗಿದಿಲ್ಲ. ಇಬ್ರಿಯರಿಗೆ ಬರೆದ ಪತ್ರದಲ್ಲಿ ಪೌಲನ ಹೆಸರೇ ಇಲ್ಲ. ಗ್ರಂಥದಲ್ಲಿ ಇವುಗಳ ಜೋಡಣೆ ಕಾಲಕ್ರಮದಲ್ಲಿಲ್ಲ. ಸ್ಥೂಲವಾಗಿ ಉದ್ದವಾದುದು ಮೊದಲು, ಗಿಡ್ಡವಾದುದು ಕೊನೆಗೆ. ಅದರಿಂದ ವಾಚಕನು ಮೊದಲು ಎದುರಾಗುವುದು ರೋಮಾಪುರದವರಿಗೆ ಬರೆದ ಪಕ್ವ ಕೃತಿಯನ್ನು. ಅದಕ್ಕೆ ಮುಂಚಿನ ಜಗಳಗಳನ್ನು ಆಮೇಲೆ ಓದುತ್ತಾನೆ. ತೀರ್ಪನ್ನು ಓದಿ ಅನಂತರ ಫಿರ್ಯಾದನ್ನು ಓದಿದಂತಾಗುತ್ತದೆ.

ಇನ್ನೊಂದು ತೊಡಕು 'ಕೃತ್ಯಗಳು' ಎಂಬ ಗ್ರಂಥದಿಂದ ಬಂದಿದೆ. ದಮಸ್ಕದ ದಾರಿಯಲ್ಲಿ ಬೆಳಕು ಹೊಳೆದುದು, ಪೌಲನು ನೆಲಕ್ಕೆ ಬಿದ್ದುದು, ಕಣ್ಣು ಕಾಣದೆ ಹೋದುದು ಎಲ್ಲರಿಗೂ ತಿಳಿದ ಕಥೆ. 'ಕೃತ್ಯಗಳು' ಅದನ್ನು ಮೂರು ಸಲ ಹೇಳುತ್ತದೆ, ಮೂರು ಸಲವೂ ವಿವರಗಳು ಸ್ವಲ್ಪ ಬದಲಾಗುತ್ತವೆ. ಪೌಲನ ಸ್ವಂತ ಓಲೆಗಳಲ್ಲಿ ಬೆಳಕೂ ಇಲ್ಲ, ಬೀಳುವುದೂ ಇಲ್ಲ. ಗಲಾತ್ಯದವರಿಗೆ ಬರೆಯುವಾಗ ತನ್ನನ್ನು ತಾಯಿಯ ಗರ್ಭದಿಂದಲೇ ಪ್ರತ್ಯೇಕಿಸಿದ ದೇವರು ತನ್ನ ಮಗನನ್ನು ತನ್ನಲ್ಲಿ ಪ್ರಕಟಿಸಿದನೆಂಬರ್ಥದ ಒಂದೆರಡು ವಾಕ್ಯಗಳಲ್ಲಿ ಅವನು ಆ ಪ್ರಸಂಗವನ್ನು ಮುಗಿಸುತ್ತಾನೆ. ಯೆರೆಮೀಯ ಯೆಶಾಯರಂಥ ಪ್ರವಾದಿಗಳು ತಮ್ಮ ಕರೆಯನ್ನು ಹೇಳಿಕೊಳ್ಳುವ ಧಾಟಿ ಅದು. ಆದುದರಿಂದ 'ಪೌಲನ ಮತಾಂತರ' ಎಂದು ಕನ್ನಡದಲ್ಲಿ ಸಲೀಸಾಗಿ ಬರೆಯುವವರು ಒಂದು ಕ್ಷಣ ತಡೆಯಬೇಕು. ಅವನು ಬಿಟ್ಟ ಮತ ಯಾವುದು, ಸೇರಿದ ಮತ ಯಾವುದು? ಕ್ರೈಸ್ತ ಎಂಬ ಪದವನ್ನು ಪೌಲನು ತನ್ನ ಓಲೆಗಳಲ್ಲಿ ಒಮ್ಮೆಯೂ ಬಳಸಿಲ್ಲ. ಇಡೀ ಹೊಸ ಒಡಂಬಡಿಕೆಯಲ್ಲಿಯೇ ಅದು ಬರುವುದು 'ಕೃತ್ಯಗಳ'ಲ್ಲಿ ಎರಡು ಸಲ, ಪೇತ್ರನ ಮೊದಲ ಪತ್ರದಲ್ಲಿ ಒಂದು ಸಲ. ತನ್ನನ್ನು ಅವನು ಕೊನೆಯವರೆಗೂ ಇಸ್ರಾಯೇಲ್ಯನೆಂದೇ ಕರೆದುಕೊಂಡನು. ಕ್ರೈಸ್ತ ಮತವು ಹುಟ್ಟುವುದಕ್ಕೆ ಮೊದಲಿನ ಕ್ರೈಸ್ತ ಚಿಂತನೆಯೇ ಈ ಓಲೆಗಳ ವಿಶೇಷ.

ಇವು ಕನ್ನಡಕ್ಕೆ ಬಂದ ಬಗೆ ಹೈದರಾಬಾದಿನ ಕನ್ನಡಿಗರಿಗೆ ಸ್ವಲ್ಪ ಹತ್ತಿರದ ವಿಷಯ. 1800ರಲ್ಲಿ ನಿಜಾಮನು ಕಂಪೆನಿಗೆ ಬಿಟ್ಟುಕೊಟ್ಟ ದತ್ತ ಮಂಡಲಗಳಲ್ಲಿ ಬಳ್ಳಾರಿಯೂ ಒಂದು. ಹತ್ತು ವರ್ಷಗಳ ಬಳಿಕ, 1810ರಲ್ಲಿ, ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಅಲ್ಲಿ ನೆಲೆಸಿ ಕನ್ನಡ ಕಲಿತು ಅನುವಾದಕ್ಕೆ ಕೈಹಾಕಿದನು. ವಿಲಿಯಮ್ ರೀವ್ ಅವನ ಜೊತೆಗಾರನಾದನು. 1830ರ ದಶಕದ ಆರಂಭದ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿತ್ತು. ಅನಂತರ ಮಂಗಳೂರಿನ ಬಾಸೆಲ್ ಮಿಶನ್ನಿನವರು, ಅದರಲ್ಲೂ ಗಾಟ್‌ಫ್ರೀಡ್ ವೈಗಲ್, ಆ ಅನುವಾದವನ್ನು ತಿದ್ದುವ ಕೆಲಸ ಹಿಡಿದರು. ಇದರಲ್ಲಿ ಕುತೂಹಲದ ಒಂದು ಸಂಗತಿ ಅಡಗಿದೆ. 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಬಸವಪುರಾಣವನ್ನೂ ಜೈಮಿನಿ ಭಾರತವನ್ನೂ ಅಚ್ಚಿಗೆ ತಂದ ಹರ್ಮನ್ ಮೋಗ್ಲಿಂಗ್ ಓದಿದುದು ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ. ಅದೇ ಕಾಲದಲ್ಲಿ ಅದೇ ಊರಿನಲ್ಲಿ ಫರ್ಡಿನಂಡ್ ಕ್ರಿಸ್ಟಿಯನ್ ಬೌರ್ ಎಂಬ ಪ್ರಾಧ್ಯಾಪಕನು ಪೌಲನ ಪತ್ರಗಳನ್ನು ಇತಿಹಾಸದ ಕಣ್ಣಿನಿಂದ ಓದಲು ತೊಡಗಿದ್ದನು. ಆದಿಸಭೆ ಒಂದೇ ಮನಸ್ಸಿನದಾಗಿರಲಿಲ್ಲ, ಪೇತ್ರನ ಪಕ್ಷಕ್ಕೂ ಪೌಲನ ಪಕ್ಷಕ್ಕೂ ತೀವ್ರ ಭೇದವಿತ್ತು ಎಂದು 1831ರಲ್ಲಿ ಬೌರ್ ವಾದಿಸಿದನು; ಪೌಲನವೆಂದು ಅವನು ಒಪ್ಪಿದುದು ನಾಲ್ಕೇ ಪತ್ರಗಳನ್ನು. ಕನ್ನಡನಾಡಿಗೆ ಬಂದ ಟ್ಯೂಬಿಂಗನ್ನಿನ ವಿದ್ಯಾರ್ಥಿಯು ಭಕ್ತಿಪಂಥದವನು; ಗುರುವಿನ ಸಂಶಯವನ್ನು ಅವನು ಹಡಗಿಗೆ ಹತ್ತಿಸಲಿಲ್ಲ. ಬಂದಿದ್ದರೆ ಕನ್ನಡದಲ್ಲಿ ಗ್ರಂಥಸಂಪಾದನೆಯೂ ಬೈಬಲ್ ವಿಮರ್ಶೆಯೂ ಒಂದೇ ಕೈಯಿಂದ ಆರಂಭವಾಗುತ್ತಿದ್ದವೋ ಏನೋ.

ಅನುವಾದಕರ ಶ್ರಮ ದೊಡ್ಡದು. ಆದರೆ ಅವರು ಆರಿಸಿದ ಪದಗಳು ಓದನ್ನು ಒಂದು ದಿಕ್ಕಿಗೆ ಬಾಗಿಸುತ್ತವೆ. ಗ್ರೀಕಿನ 'ನೊಮೊಸ್' ಎಂಬುದು ಪೌಲನಲ್ಲಿ ಬಹುಮಟ್ಟಿಗೆ ಮೋಶೆಯ ತೋರಾ. ಒಂದು ಪರಂಪರೆಯ ಅನುವಾದದಲ್ಲಿ ಅದು 'ನ್ಯಾಯಪ್ರಮಾಣ'. ಬಹುಕಾಲದಿಂದ ಬಳಕೆಯಲ್ಲಿರುವ ಪರಿಷ್ಕೃತ ಸತ್ಯವೇದದಲ್ಲಿ 'ಧರ್ಮಶಾಸ್ತ್ರ'. ಮೊದಲನೆಯದು ತರ್ಕಶಾಸ್ತ್ರದ ವಾಸನೆಯುಳ್ಳ ಕೃತಕ ಪದ; ಎರಡನೆಯದು ಮನುವನ್ನೂ ಯಾಜ್ಞವಲ್ಕ್ಯನನ್ನೂ ಎಳೆದುತರುವ ಪದ. ಎರಡನೆಯದನ್ನು ಓದುವ ಕನ್ನಡಿಗನು, ಪೌಲನು ಒಂದು ಸ್ಮೃತಿಯ ವಿರುದ್ಧ ಬಂಡೆದ್ದಿರುವನೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ಆ ಶಾಸ್ತ್ರ ಪವಿತ್ರವಾದುದು, ಒಳ್ಳೆಯದು ಎಂದು ರೋಮಾಪುರದವರಿಗೆ ಬರೆದವನೂ ಪೌಲನೇ.

'ದಿಕಾಯೊಸುನೆ' ಎಂಬುದು 'ನೀತಿ'ಯಾಗಿ, 'ನೀತಿವಂತ'ನಾಗಿ ಕನ್ನಡಕ್ಕೆ ಬಂದಿತು. ಕನ್ನಡದಲ್ಲಿ ನೀತಿವಂತನೆಂದರೆ ಸುಳ್ಳು ಹೇಳದವನು, ಪರಧನಕ್ಕೆ ಕೈಚಾಚದವನು. ಗ್ರೀಕ್ ಪದದ ಹಿಂದಿರುವ ಇಬ್ರಿಯ ಕಲ್ಪನೆ ಹಾಗಲ್ಲ. ನ್ಯಾಯಸ್ಥಾನದಲ್ಲಿ ಯಾರ ಪಕ್ಷ ಸರಿಯೆಂದು ತೀರ್ಮಾನವಾಯಿತೋ ಅವನು, ಒಡಂಬಡಿಕೆಯೊಳಗೆ ಸಲ್ಲುವವನೆಂದು ಎಣಿಸಲ್ಪಟ್ಟವನು. ಸಲ್ಲುವುದು ಎಂಬ ಅಚ್ಚಗನ್ನಡ ಕ್ರಿಯಾಪದ ಇಲ್ಲಿ ಇನ್ನೂ ಹತ್ತಿರ ಬರುತ್ತಿತ್ತು. ಶರಣರ ಬಳಕೆಯಿಂದ ಹದಗೊಂಡ ಪದವದು. ಅನುವಾದಕರಿಗೆ ಅದು ಹೊಳೆಯಲಿಲ್ಲವೋ, ಹೊಳೆದರೂ ಶಾಸ್ತ್ರಗಾಂಭೀರ್ಯ ಸಾಲದೆಂದು ಬಿಟ್ಟರೋ. ಇದಕ್ಕೆ ವಿರುದ್ಧವಾಗಿ, ಶಾಸ್ತ್ರವು ವಿಧಿಸುವ ಕ್ರಿಯೆಗಳೆಂಬುದಕ್ಕೆ ಪರಿಷ್ಕೃತ ಅನುವಾದದವರು ಬಳಸಿದ 'ನೇಮನಿಷ್ಠೆ' ಅವರು ಬಯಸಿದುದಕ್ಕಿಂತಲೂ ಚೆನ್ನಾಗಿ ಗುರಿ ಮುಟ್ಟಿದೆ. ಹದಿನಾರನೆಯ ಶತಮಾನದ ಲೂಥರನಿಂದ ಬಂದ ಓದಿನಲ್ಲಿ ಆ ಕ್ರಿಯೆಗಳೆಂದರೆ ಪುಣ್ಯಸಂಪಾದನೆಗಾಗಿ ಮನುಷ್ಯನು ಮಾಡುವ ಸತ್ಕರ್ಮಗಳು. ಆ ಓದು ಪೌಲನದಲ್ಲ, ಪಾಶ್ಚಾತ್ಯರ ಆತ್ಮಶೋಧನೆಯ ಫಲ ಎಂದು ಸ್ವೀಡನ್ನಿನ ಕ್ರಿಸ್ಟರ್ ಸ್ಟೆಂಡಾಲ್ 1963ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ತೋರಿಸಿದನು. 1977ರಲ್ಲಿ ಇ. ಪಿ. ಸ್ಯಾಂಡರ್ಸ್ ಅಂದಿನ ಯೆಹೂದ್ಯ ಧರ್ಮವು ಪುಣ್ಯದ ಲೆಕ್ಕಪುಸ್ತಕವಾಗಿರಲಿಲ್ಲವೆಂದು ಆಧಾರಸಹಿತವಾಗಿ ವಾದಿಸಿದನು. ಜೇಮ್ಸ್ ಡನ್ ಮುಂದುವರಿದು, ಆ ಕ್ರಿಯೆಗಳೆಂದರೆ ವಿಶೇಷವಾಗಿ ಸುನ್ನತಿ, ಆಹಾರನಿಯಮ, ಸಬ್ಬತ್ತು, ಅಂದರೆ ಯೆಹೂದ್ಯನನ್ನು ಅನ್ಯಜನರಿಂದ ಬೇರೆ ಮಾಡುವ ಗಡಿಕಲ್ಲುಗಳು ಎಂದನು. ನೇಮನಿಷ್ಠೆ ಎಂದಾಗ ಕನ್ನಡಿಗನ ಕಣ್ಣಿಗೆ ಕಟ್ಟುವುದೂ ಮಡಿ, ಮೈಲಿಗೆ, ಯಾರ ಮನೆಯ ನೀರು ಸಲ್ಲುತ್ತದೆ, ಯಾರದು ಸಲ್ಲದು ಎಂಬ ಗಡಿಯೇ. ಜರ್ಮನ್ ಮತ್ತು ಇಂಗ್ಲಿಷ್ ವಿದ್ವಾಂಸರು ನಾಲ್ಕು ಶತಮಾನ ಸುತ್ತಿಬಂದು ಸೇರಿದ ತಾಣದಲ್ಲಿ ಕನ್ನಡದ ಪದ ಮೊದಲೇ ಹೋಗಿ ಕುಳಿತಿತ್ತು.

ಮತ್ತೆರಡು ಪದಗಳನ್ನು ಬೇಗನೆ ನೋಡಿ ಮುಂದುವರಿಯಬಹುದು. 'ಪಿಸ್ತಿಸ್' ಎಂಬುದನ್ನು 'ನಂಬಿಕೆ' ಎಂದುದು ಸರಿಯೇ. ಆದರೆ ಗ್ರೀಕ್ ಪದದಲ್ಲಿ ನಂಬುವುದರ ಜೊತೆಗೆ ನಂಬಿಕೆಗೆ ಅರ್ಹವಾಗಿ ನಡೆಯುವ ನಿಷ್ಠೆಯೂ ಸೇರಿದೆ. ಕ್ರಿಸ್ತನಲ್ಲಿಡುವ ನಂಬಿಕೆಯೋ, ಕ್ರಿಸ್ತನೇ ತೋರಿದ ನಿಷ್ಠೆಯೋ ಎಂಬುದನ್ನು ಗ್ರೀಕಿನ ಷಷ್ಠೀ ವಿಭಕ್ತಿ ಬಿಡಿಸುವುದಿಲ್ಲ. 1983ರ ರಿಚರ್ಡ್ ಹೇಸನ ಗ್ರಂಥದಿಂದ ಈಚೆಗೆ ಇದೊಂದು ದೊಡ್ಡ ವಾದವಾಗಿದೆ. 'ಕ್ರಿಸ್ತನ ನಂಬಿಕೆ' ಎಂದು ಕನ್ನಡದಲ್ಲಿಯೂ ಷಷ್ಠಿಯನ್ನೇ ಇಟ್ಟು ಸಂದಿಗ್ಧವನ್ನು ಉಳಿಸಬಹುದಾಗಿತ್ತು. 'ಮೇಲಣ' ಎಂದು ಸೇರಿಸಿದೊಡನೆ ಬಾಗಿಲು ಮುಚ್ಚಿತು. 'ಖಾರಿಸ್' ಎಂಬುದು 'ಕೃಪೆ'ಯಾದುದರಿಂದ ಇನ್ನೊಂದು ನಷ್ಟವಾಯಿತು. ಖಾರಿಸ್ ಎಂದರೆ ಕೊಡುಗೆ. ಪಡೆದವನನ್ನು ಕೊಡುವವನಾಗಿ ಮಾಡುವ ಕೊಡುಗೆ. ಯೆರೂಸಲೇಮಿನ ಬಡವರಿಗಾಗಿ ಕೊರಿಂಥದವರಿಂದ ಹಣ ಕೂಡಿಸುವಾಗಲೂ ಪೌಲನು ಆ ಹಣಕ್ಕೆ ಇದೇ ಪದವನ್ನು ಬಳಸುತ್ತಾನೆ. ಚಂದಾಹಣವನ್ನು ಕನ್ನಡದಲ್ಲಿ ಕೃಪೆಯೆನ್ನಲಾಗದು; ಅನುವಾದಕನು ಅಲ್ಲಿ ಬೇರೆ ಪದವನ್ನು ಹುಡುಕಲೇಬೇಕು. ಹಾಗೆ ಹುಡುಕಿದೊಡನೆ ದೇವರ ಕೊಡುಗೆಗೂ ಊರವರ ವಂತಿಗೆಗೂ ಪೌಲನು ಕಟ್ಟಿದ ನಂಟು ಹರಿದುಹೋಗುತ್ತದೆ.

ಪದಗಳಿಗಿಂತ ಆಳವಾದ ತೊಡಕು ವಾದಶೈಲಿಯದು. ಕೊರಿಂಥದವರಿಗೆ ಬರೆದ ಮೊದಲ ಪತ್ರ ಒಂದು ಉತ್ತರ. ಅವರು ಮೊದಲು ಒಂದು ಪತ್ರ ಬರೆದು ಪ್ರಶ್ನೆಗಳನ್ನು ಕೇಳಿದ್ದರು. ಆ ಪತ್ರ ಉಳಿದಿಲ್ಲ. ಅದರ ತುಣುಕುಗಳನ್ನು ಪೌಲನು ತನ್ನ ಉತ್ತರದೊಳಗೆ ಎತ್ತಿಹೇಳುತ್ತ, ಒಂದೊಂದಕ್ಕೂ ತಿದ್ದುಪಡಿ ಕೊಡುತ್ತ ಹೋಗುತ್ತಾನೆ. ಎಲ್ಲವೂ ತಮಗೆ ಸಲ್ಲುತ್ತದೆ ಎಂಬುದು, ಎಲ್ಲರಿಗೂ ಜ್ಞಾನವಿದೆ ಎಂಬುದು, ಸ್ತ್ರೀಸಂಗವಿಲ್ಲದಿರುವುದೇ ಲೇಸು ಎಂಬುದು, ಇವು ಕೊರಿಂಥದ ಜಾಣರ ಘೋಷವಾಕ್ಯಗಳಿರಬೇಕೆಂದು ಬಹುಮಂದಿ ವಿದ್ವಾಂಸರು ಒಪ್ಪುತ್ತಾರೆ. ಹಸ್ತಪ್ರತಿಗಳಲ್ಲಿ ಉದ್ಧರಣಚಿಹ್ನೆಗಳಿರಲಿಲ್ಲ. ಅವಿಲ್ಲದೆ ಓದಿದರೆ ಎದುರಾಳಿಯ ಮಾತೇ ಪೌಲನ ಮಾತಾಗಿ, ಸ್ತ್ರೀದ್ವೇಷಿ ಎಂಬ ಬಿರುದು ಅವನಿಗೆ ಅಂಟಿಕೊಳ್ಳುತ್ತದೆ. ಶಾಸ್ತ್ರಗ್ರಂಥಗಳಲ್ಲಿ ಪಳಗಿದ ಕನ್ನಡ ವಿದ್ವಾಂಸನಿಗೆ ಈ ಅಪಾಯ ಹೊಸದಲ್ಲ. ಭಾಷ್ಯವೊಂದರಲ್ಲಿ ಪೂರ್ವಪಕ್ಷವನ್ನೇ ಸಿದ್ಧಾಂತವೆಂದು ಹಿಡಿದು ನಗೆಪಾಟಲಾದವರ ಕಥೆ ಅವನಿಗೆ ಗೊತ್ತು. ರೋಮಾಪುರದವರಿಗೆ ಬರೆದ ಪತ್ರದಲ್ಲಂತೂ ಕಾಲ್ಪನಿಕ ಪ್ರತಿವಾದಿಯೊಬ್ಬನು ಹೆಜ್ಜೆಹೆಜ್ಜೆಗೂ ಎದ್ದುನಿಂತು ಪ್ರಶ್ನಿಸುತ್ತಾನೆ. ಪೌಲನು 'ಎಂದಿಗೂ ಅಲ್ಲ' ಎಂಬ ಧಾಟಿಯಲ್ಲಿ ಅವನನ್ನು ಕೂರಿಸುತ್ತಾನೆ. ಈ ಪತ್ರಕ್ಕೆ ಕನ್ನಡದಲ್ಲಿ ಒಂದು ಟೀಕೆ ಹುಟ್ಟುವುದಾದರೆ, ಅದು ಪೂರ್ವೋತ್ತರಪಕ್ಷಗಳನ್ನು ಬಿಡಿಸಿ ಅಚ್ಚುಮಾಡಿದರೆ ಸಾಕು, ಅರ್ಧ ಕೆಲಸವಾದಂತೆ.

ಕನ್ನಡ ಓದುಗನು ನೆರೆಭಾಷೆಯಿಂದ ಕಲಿಯಬೇಕಾದ ಒಂದು ಸೂಕ್ಷ್ಮವೂ ಇದೆ. ಅದನ್ನು ಹೈದರಾಬಾದಿನ ಕನ್ನಡಿಗನಷ್ಟು ಚೆನ್ನಾಗಿ ಬಲ್ಲವರು ಬೇರೆಯಿಲ್ಲ. ಹೆಸರಿನಲ್ಲಿಯೇ ಗಚ್ಚನ್ನೂ ಬಾವಿಯನ್ನೂ ಇರಿಸಿಕೊಂಡಂತೆ ಕೇಳಿಸುವ ಗಚ್ಚಿಬೌಲಿಯಲ್ಲಿ ಈಗ ಬಾವಿಗಿಂತ ಗಗನಚುಂಬಿಗಳೇ ಹೆಚ್ಚು. ಅಲ್ಲಿ ಸಂಜೆ ನಾಲ್ವರು ತೆಲುಗು ಗೆಳೆಯರ ನಡುವೆ ನಿಂತ ಕನ್ನಡಿಗನು ಅವರ ಬಾಯಿಂದ 'ಮನಂ' ಬಂದಿತೋ 'ಮೇಮು' ಬಂದಿತೋ ಎಂದು ಗಮನಿಸುತ್ತಾನೆ. ಮೊದಲನೆಯದಾದರೆ ಊಟಕ್ಕೆ ತಾನೂ ಸೇರಿದನು. ಎರಡನೆಯದಾದರೆ ಅವರು ಹೋಗುವವರು, ತಾನು ಮನೆಗೆ ಮರಳುವವನು. ಇಂದಿನ ಕನ್ನಡದ 'ನಾವು' ಈ ಭೇದವನ್ನು ತೋರಿಸದು. ಗ್ರೀಕಿನ 'ಹೇಮೇಯ್ಸ್' ಕೂಡ ತೋರಿಸದು. ಗಲಾತ್ಯದವರಿಗೆ ಬರೆದ ಪತ್ರದ ಅರ್ಥ ನಿಂತಿರುವುದೇ ಈ 'ನಾವು' ಯಾರು ಎಂಬುದರ ಮೇಲೆ. ಅಂತಿಯೋಕ್ಯದಲ್ಲಿ ಪೇತ್ರನಿಗೆ ಎದುರಾಗಿ ಆಡಿದ ಮಾತನ್ನು ಪೌಲನು ವರದಿ ಮಾಡುತ್ತ, ಹುಟ್ಟಿನಿಂದ ಯೆಹೂದ್ಯರಾದ ನಾವು ಎಂದು ಮುಂದುವರಿಯುತ್ತಾನೆ. ಆ ಭಾಷಣ ಎಲ್ಲಿ ಮುಗಿಯಿತೆಂಬುದು ಗ್ರೀಕಿನಲ್ಲಿ ಕಾಣದು. ಮಾತು ಇನ್ನೂ ಪೇತ್ರನೊಂದಿಗೇ ನಡೆದಿದ್ದರೆ ತೆಲುಗಿನವನು 'ಮನಂ' ಎನ್ನಬೇಕು, ಏಕೆಂದರೆ ಪೇತ್ರನೂ ಯೆಹೂದ್ಯನೇ. ಗಲಾತ್ಯದ ಅನ್ಯಜನರ ಕಡೆಗೆ ಮುಖ ತಿರುಗಿಸಿ ಹೇಳಿದ್ದರೆ 'ಮೇಮು' ಎನ್ನಬೇಕು. ಮುಂದಿನ ಅಧ್ಯಾಯದಲ್ಲಿ ಶಾಸ್ತ್ರದ ಕಾವಲಿನಲ್ಲಿದ್ದ 'ನಾವು' ಒಮ್ಮೆಗೇ 'ನೀವೆಲ್ಲರೂ' ಎಂದಾಗುತ್ತದೆ. ಹೊರಗಿದ್ದವರು ಅಲ್ಲಿ ಒಳಗೆ ಬರುತ್ತಾರೆ. ಕನ್ನಡದ ಅನುವಾದಕನು ನಿರ್ಧರಿಸುವ ಕಷ್ಟದಿಂದ ಪಾರಾದನು. ವಾಚಕನು ಮಾತ್ರ ಆ ದಾಟುವಿಕೆಯನ್ನು ಗಮನಿಸದೆ ದಾಟಿಬಿಡುತ್ತಾನೆ. ಅನುವಾದಶಾಸ್ತ್ರವನ್ನೂ ಒಳಗೊಂಡ ಒಂದು ಕೇಂದ್ರವುಳ್ಳ ಹೈದರಾಬಾದ್ ವಿಶ್ವವಿದ್ಯಾಲಯವು ಅದೇ ಗಚ್ಚಿಬೌಲಿಯ ಬಂಡೆಗಳ ನಡುವೆ ಇರುವುದರಿಂದ, ತೆಲುಗು ಕನ್ನಡ ಸತ್ಯವೇದಗಳನ್ನು ಈ ಒಂದು ಸರ್ವನಾಮಕ್ಕಾಗಿ ಅಕ್ಕಪಕ್ಕ ಇರಿಸಿ ನೋಡುವ ಅಭ್ಯಾಸಿ ಅಲ್ಲಿ ಹುಟ್ಟಬಾರದೇಕೆ?

ಅಂತಿಯೋಕ್ಯದ ಪ್ರಸಂಗವನ್ನು ಬಿಡಿಸಿ ನೋಡಬೇಕು, ಏಕೆಂದರೆ ಆದಿಕ್ರೈಸ್ತ ಚಿಂತನೆಯ ಬೀಜ ಅಲ್ಲಿದೆ. ಕನ್ನಡನಾಡಿನಲ್ಲಿ ಅದು ದೂರದ ವಿಷಯವೂ ಅಲ್ಲ. ಯೆಹೂದ್ಯರೂ ಅನ್ಯರೂ ಅಲ್ಲಿ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು, ಪೇತ್ರನೂ ಉಣ್ಣುತ್ತಿದ್ದನು. ಯೆರೂಸಲೇಮಿನಿಂದ ಯಾಕೋಬನ ಕಡೆಯವರು ಬಂದೊಡನೆ ಪೇತ್ರನು ಮೆಲ್ಲನೆ ಹಿಂದೆ ಸರಿದನು. ಪೌಲನ ನೆಚ್ಚಿನ ಬಾರ್ನಬನೂ ಸರಿದನು. ಪೌಲನು ಎಲ್ಲರ ಮುಂದೆ ಪೇತ್ರನನ್ನು ತರಾಟೆಗೆ ತೆಗೆದುಕೊಂಡನು. ಪೇತ್ರನು ಏನೆಂದು ಉತ್ತರಿಸಿದನೆಂಬುದನ್ನು ಪೌಲನು ಹೇಳುವುದಿಲ್ಲ. ಗೆದ್ದಿದ್ದರೆ ಹೇಳದೆ ಬಿಡುತ್ತಿರಲಿಲ್ಲವೆಂದು ಹಲವರು ಊಹಿಸುವುದು ನ್ಯಾಯವಾಗಿದೆ. ನಂಬಿಕೆಯಿಂದ ಸಲ್ಲುವುದು, ನೇಮನಿಷ್ಠೆಯಿಂದಲ್ಲ ಎಂಬ ಪ್ರಸಿದ್ಧ ಸಿದ್ಧಾಂತ ಮೊದಲು ಮಂಡಿತವಾದುದು ಈ ಸಂದರ್ಭದಲ್ಲಿ. ಆತ್ಮವು ಮೋಕ್ಷವನ್ನು ಹೇಗೆ ಪಡೆದೀತು ಎಂಬ ಏಕಾಂತದ ಪ್ರಶ್ನೆಗೆ ಕೊಟ್ಟ ಉತ್ತರ ಅದಲ್ಲ. ಯಾರು ಯಾರೊಂದಿಗೆ ಕುಳಿತು ಉಣ್ಣಬಹುದು ಎಂಬ ಪಂಕ್ತಿಯ ಪ್ರಶ್ನೆಗೆ ಕೊಟ್ಟ ಉತ್ತರ. ಕೊರಿಂಥದಲ್ಲಿಯೂ ಇದೇ ತಕರಾರು ಬೇರೆ ವೇಷದಲ್ಲಿ ಬಂದಿತು: ಪ್ರಭುಭೋಜನಕ್ಕೆ ಉಳ್ಳವರು ಮೊದಲೇ ಬಂದು ತಿಂದು ಕುಡಿದು ಮುಗಿಸುತ್ತಿದ್ದರು, ಇಲ್ಲದವರು ಹಸಿದು ಕೂರುತ್ತಿದ್ದರು.

ಹತ್ತೊಂಬತ್ತನೆಯ ಶತಮಾನದ ದಕ್ಷಿಣಭಾರತದ ಮಿಶನರಿಗಳು ಗಲಾತ್ಯದ ಪತ್ರವನ್ನು ಹಿಡಿದು ಜಾತಿಯ ಎದುರಿಗೆ ನಿಂತುದು ಸಹಜ. 1850ರಲ್ಲಿ ಮದರಾಸಿನ ಮಿಶನರಿ ಸಮ್ಮೇಳನವು ಜಾತಿಯನ್ನು ತೊರೆದ ಕುರುಹಾಗಿ ಸಹಭೋಜನವನ್ನು ಕೇಳಿತು. ಮಂಗಳೂರಿನಲ್ಲಿ 1844ರಲ್ಲಿ ಆನಂದರಾವ್ ಕೌಂಡಿನ್ಯ ಮೊದಲಾದ ಸಾರಸ್ವತ ತರುಣರು ದೀಕ್ಷೆ ಪಡೆದಾಗ ಊರು ಕದಡಿದುದಕ್ಕೂ ಒಳಗಿನ ಕಾರಣ ಇದೇ. ಅವರು ಯಾವ ದೇವರನ್ನು ನಂಬಿದರೆಂಬುದಕ್ಕಿಂತ ಯಾರ ಮನೆಯಲ್ಲಿ ಉಂಡರೆಂಬುದು ಬಂಧುಗಳಿಗೆ ಕಂಟಕವಾಗಿತ್ತು. ಮಿಶನರಿಗಳ ಧೈರ್ಯ ಮೆಚ್ಚತಕ್ಕದ್ದು. ಆದರೆ ಅವರ ಓದಿನಲ್ಲಿ ಒಂದು ಬಿರುಕಿದೆ. ಅನ್ಯನು ಯೆಹೂದ್ಯನ ಆಹಾರನಿಯಮವನ್ನು ಹೊರಬೇಕಾಗಿಲ್ಲ ಎಂಬುದು ಗಲಾತ್ಯದವರಿಗೆ ಪೌಲನು ಬರೆದುದು. ರೋಮಾಪುರದವರಿಗೆ ಬರೆಯುವಾಗ ಅವನು ಮತ್ತೊಂದು ಮಗ್ಗುಲನ್ನು ತೋರಿಸುತ್ತಾನೆ. ಸೊಪ್ಪನ್ನೇ ತಿನ್ನುವವನನ್ನು ಎಲ್ಲವನ್ನೂ ತಿನ್ನುವವನು ಹೀನೈಸಬಾರದು; ಮನಸ್ಸಾಕ್ಷಿ ಒಪ್ಪದವನನ್ನು ತಿನ್ನಿಸಬಾರದು. ಉಣ್ಣುವುದನ್ನೇ ದೀಕ್ಷೆಯ ಪರೀಕ್ಷೆಯಾಗಿಸಿದಾಗ ಉಣ್ಣುವುದೂ ಒಂದು ಹೊಸ ನೇಮನಿಷ್ಠೆಯಾಯಿತು. ಪೇತ್ರನ ತಪ್ಪು ಹಿಂದೆ ಸರಿದುದು. ಪೌಲನ ರೋಮಾಪುರದ ಪತ್ರವನ್ನು ಓದಿದವನು ಮದರಾಸಿನ ನಿರ್ಣಯದಲ್ಲಿ ಮುಂದೆ ತಳ್ಳುವ ತಪ್ಪನ್ನು ಕಂಡಾನು. ಮೇಲ್ಜಾತಿಯ ಸಂಕೋಚವನ್ನು 'ಬಲಹೀನರ ಮನಸ್ಸಾಕ್ಷಿ' ಎಂದು ಕರೆದು ಪಂಕ್ತಿಭೇದವನ್ನು ಸಭೆಯೊಳಗೆ ಉಳಿಸಿಕೊಳ್ಳುವುದಕ್ಕೆ ಅದೇ ಅಧ್ಯಾಯವನ್ನು ಬಳಸಬಹುದಲ್ಲವೆ ಎಂದು ಯಾರಾದರೂ ಕೇಳಿದರೆ ಆ ಆಕ್ಷೇಪಣೆಯೂ ಬಲವಾದುದೇ. ರೋಮಾಪುರದಲ್ಲಿ ಬಲಹೀನನು ಅಲ್ಪಸಂಖ್ಯಾತನು, ಬೇರೆಯವರ ತಾತ್ಸಾರಕ್ಕೆ ಗುರಿಯಾದವನು. ಇಲ್ಲಿಯ ಮೇಲ್ಜಾತಿಯವನ ಸ್ಥಿತಿ ಅದಲ್ಲ. ಪದ ಒಂದೇ ಆದರೂ ಬಲದ ತಕ್ಕಡಿ ತಿರುಗುಮುರುಗಾಗಿದೆ ಎಂಬುದನ್ನು ಹೇಳದೆ ಆ ಅಧ್ಯಾಯವನ್ನು ಈ ನಾಡಿನಲ್ಲಿ ಓದಲಾಗದು.

ಫಿಲೆಮೋನನಿಗೆ ಬರೆದ ಓಲೆಯ ಮುಂದೆ ನಿಂತಾಗ ಪೌಲನ ಮಿತಿಯೂ ಕಾಣುತ್ತದೆ. ಇಪ್ಪತ್ತೈದೇ ವಾಕ್ಯಗಳು. ಒನೇಸಿಮನೆಂಬ ದಾಸನನ್ನು ಯಜಮಾನನ ಬಳಿಗೆ ಮರಳಿ ಕಳುಹಿಸುತ್ತ, ಇನ್ನು ಮುಂದೆ ಅವನನ್ನು ದಾಸನಿಗಿಂತ ಹೆಚ್ಚಿನವನಾಗಿ, ಸಹೋದರನಾಗಿ ಕಾಣುವಂತೆ ಪೌಲನು ಬೇಡಿಕೊಳ್ಳುತ್ತಾನೆ. ಒನೇಸಿಮ ಎಂದರೆ ಉಪಯುಕ್ತ. ಆ ಹೆಸರಿನ ಮೇಲೆ ಪೌಲನು ಮಾಡುವ ಶ್ಲೇಷೆ ಅನುವಾದದಲ್ಲಿ ಟಿಪ್ಪಣಿಯಿಲ್ಲದೆ ಉಳಿಯದು. ಬಿಡುಗಡೆ ಮಾಡು ಎಂದು ಮಾತ್ರ ಅವನು ನೇರವಾಗಿ ಹೇಳುವುದಿಲ್ಲ. ಓಲೆಯ ತಲೆಯಲ್ಲಿ ಫಿಲೆಮೋನನ ಜೊತೆಗೆ ಅಪ್ಫಿಯ, ಅರ್ಖಿಪ್ಪ ಮತ್ತು ಮನೆಯಲ್ಲಿ ಕೂಡುವ ಸಭೆಯ ಹೆಸರಿದೆ. ಒಡಲಿನಲ್ಲಿ ಮಾತ್ರ 'ನೀನು'. ಕನ್ನಡದಲ್ಲಿ ಈ ಏಕವಚನ ಸೊಗಸಾಗಿ ಉಳಿಯುತ್ತದೆ, ಇಂಗ್ಲಿಷಿನಲ್ಲಿ ಅಳಿದುಹೋಗುತ್ತದೆ. ಎಲ್ಲರಿಗೂ ಕೇಳುವಂತೆ ಒಬ್ಬನನ್ನು 'ನೀನು' ಎನ್ನುವುದರಲ್ಲಿ ಸಲುಗೆಯೂ ಇದೆ, ಬಿಗಿಯೂ ಇದೆ.

ಕೊಡಗಿನಲ್ಲಿ ಈ ಓಲೆಗೆ ಒಂದು ಸಾಕ್ಷಾತ್ ಪ್ರಸಂಗ ಒದಗಿತು. 1853ರಲ್ಲಿ ಅಲ್ಲಿಗೆ ಹೋದ ಮೋಗ್ಲಿಂಗ್, ಅಲಮಂಡ ಸೋಮಯ್ಯ ಎಂಬ ಕೊಡವನಿಗೆ ದೀಕ್ಷೆಯಾದಾಗ ಇಟ್ಟ ಹೆಸರು ಸ್ತೆಫನ. ಕೊರಿಂಥದ ಪತ್ರದ ಕೊನೆಯಲ್ಲಿ ಅಖಾಯ ಪ್ರಾಂತದ ಪ್ರಥಮಫಲವೆನಿಸಿಕೊಂಡ ಮನೆತನದವನ ಹೆಸರದು. ಮೋಗ್ಲಿಂಗ್ ಅಲ್ಲಿಯೇ ಆನಂದಪುರವೆಂಬ ನೆಲೆಯನ್ನು ಕಟ್ಟಿದನು. ಅಲ್ಲಿಗೆ ಬಂದು ಸೇರಿದವರು ಬಹುಮಟ್ಟಿಗೆ, ಆ ಕಾಲದ ದಾಖಲೆಗಳು ಹೊಲೆಯರೆಂದು ಕರೆದ, ಗದ್ದೆಯ ಒಡೆಯರಿಗೆ ತಲೆತಲಾಂತರದಿಂದ ದುಡಿದ ಜನ. ದಾಸ್ಯಕ್ಕೆ ಕಾನೂನಿನ ಬೆಂಬಲವನ್ನು 1843ರ ಕಾಯಿದೆ ತೆಗೆದುಹಾಕಿದ್ದಿತಾದರೂ 1834ರಷ್ಟೇ ಕಂಪೆನಿಯ ಕೈಸೇರಿದ್ದ ಕೊಡಗಿನಲ್ಲಿ ರೂಢಿ ಅಷ್ಟು ಬೇಗ ಅಳಿಯುವಂತಿರಲಿಲ್ಲ. ಒನೇಸಿಮನನ್ನು ಪೌಲನು ಹಿಂದಕ್ಕೆ ಕಳುಹಿಸಿದನು. ಮೋಗ್ಲಿಂಗ್ ತನ್ನಲ್ಲಿಗೆ ಬಂದವರಿಗೆ ಬೇರೆ ನೆಲವನ್ನೇ ಹುಡುಕಿದನು. ಓಲೆಯ ಅಕ್ಷರವನ್ನು ದಾಟಿ ಅದರ ಆಶಯಕ್ಕೆ ಹೋದ ಓದು ಇದು. ಪೌಲನ ಮೇಲೆ ಕನ್ನಡ ನೆಲದಲ್ಲಿ ಬರೆದ ಅತ್ಯುತ್ತಮ ಭಾಷ್ಯವು ಕಾಗದದ ಮೇಲೆ ಇಲ್ಲ, ಆನಂದಪುರದ ಗಡಿಕಲ್ಲುಗಳಲ್ಲಿದೆ ಎಂದರೆ ಅತಿಶಯೋಕ್ತಿಯಾದೀತೇ?

ಈಗ ಶರಣರ ಹೋಲಿಕೆಗೆ ಮರಳಬಹುದು. ಹರಳಯ್ಯ ಮಧುವರಸರ ಮನೆಗಳ ನಡುವೆ ಮದುವೆಯಾದಾಗ ಕಲ್ಯಾಣವು ಕುದಿದುದಕ್ಕೂ ಅಂತಿಯೋಕ್ಯದ ಪಂಕ್ತಿಗೂ ಸಾಮ್ಯವಿದೆ. ಎರಡರಲ್ಲಿಯೂ ನಂಬಿಕೆಯ ಪರೀಕ್ಷೆ ನಡೆದುದು ಅಡುಗೆಮನೆಯ ಹೊಸ್ತಿಲಲ್ಲಿ. ಯಾರಿಗೂ ಹೊರೆಯಾಗಬಾರದೆಂದು ಹಗಲಿರುಳು ಕೈಯಾರೆ ದುಡಿದೆನೆಂದು ಥೆಸಲೊನೀಕದವರಿಗೆ ಪೌಲನು ನೆನಪಿಸುವಾಗ ಕಾಯಕದ ಮಾತು ಮನಸ್ಸಿಗೆ ಬಾರದಿರದು. (ಅವನು ಗುಡಾರ ಹೊಲಿಯುತ್ತಿದ್ದನೆಂಬುದು ಮಾತ್ರ 'ಕೃತ್ಯಗಳ' ಹೇಳಿಕೆ, ಓಲೆಗಳಲ್ಲಿ ಕಸುಬಿನ ಹೆಸರಿಲ್ಲ.) ಸಾಮ್ಯ ಇಲ್ಲಿಗೆ ನಿಲ್ಲುತ್ತದೆ. ಶರಣರು ಲೋಕವು ಮುಂದುವರಿಯುವುದೆಂದು ನಂಬಿ ಕಾಯಕ ದಾಸೋಹಗಳ ಒಂದು ಬಾಳನ್ನು ಕಟ್ಟಿದರು. ಪೌಲನಾದರೋ ಯುಗಾಂತ್ಯ ಸಮೀಪಿಸಿತೆಂದು, ತನ್ನ ಜೀವಿತದಲ್ಲಿಯೇ ಕರ್ತನು ಬರಬಹುದೆಂದು ನಂಬಿ ಬರೆದನು. ಮದುವೆಯಾಗದವನು ಹಾಗೆಯೇ ಇರಲಿ, ದಾಸನು ಇದ್ದ ಸ್ಥಿತಿಯಲ್ಲಿದ್ದರೂ ಚಿಂತಿಸದಿರಲಿ ಎಂಬ ಅವನ ಸಲಹೆಗಳ ಬೇರು ಅಲ್ಲಿದೆ. ಆ ನಿರೀಕ್ಷೆಯನ್ನು ಕಳಚಿಟ್ಟು ಸಲಹೆಯನ್ನು ಮಾತ್ರ ಶಾಶ್ವತ ವಿಧಿಯಾಗಿಸಿದವರು ಮುಂದಿನವರು. ಪೌಲನನ್ನು ಬಸವಣ್ಣನ ಪಕ್ಕದಲ್ಲಿ ಕೂರಿಸುವ ವಿಮರ್ಶಕನು ಈ ಒಂದು ಗಡಿಯಾರವನ್ನು ನೋಡುವುದನ್ನು ಮರೆಯಬಾರದು.

ಆ ಸಭೆಗಳು ದೇವಾಲಯಗಳಲ್ಲಿ ಕೂಡಲಿಲ್ಲ. ಯಾರೋ ಒಬ್ಬರ ಮನೆಯ ಪಡಸಾಲೆಯಲ್ಲಿ ಕೂಡಿದವು. ಪೊಂತದಲ್ಲಿ ಹುಟ್ಟಿದ ಅಕ್ವಿಲನೂ ಅವನ ಹೆಂಡತಿ ಪ್ರಿಸ್ಕಳೂ ರೋಮಿನಿಂದ ಹೊರಡಿಸಲ್ಪಟ್ಟು ಕೊರಿಂಥಕ್ಕೆ ಬಂದರು, ಅಲ್ಲಿಂದ ಎಫೆಸಕ್ಕೆ, ಮತ್ತೆ ರೋಮಿಗೆ. ಎಫೆಸದಲ್ಲಿಯೂ ರೋಮಿನಲ್ಲಿಯೂ ಅವರ ಮನೆಯೇ ಸಭೆಯಾಯಿತು. ಕೊರಿಂಥವೂ ಕ್ರಿ.ಪೂ. 44ರಲ್ಲಿ ಹೊಸದಾಗಿ ನೆಲೆಗೊಂಡ, ಎಲ್ಲೆಲ್ಲಿಂದಲೋ ಬಂದವರ ಊರು. ಪರಸ್ಥಳದಲ್ಲಿ ತಮ್ಮ ಭಾಷೆಯ ನಾಲ್ಕು ಮನೆಗಳನ್ನು ಹುಡುಕಿಕೊಂಡು ತಿಂಗಳಿಗೊಮ್ಮೆ ಯಾರದಾದರೂ ಹಜಾರದಲ್ಲಿ ಕೂಡುವವರಿಗೆ ಈ ದೃಶ್ಯವನ್ನು ವಿವರಿಸಬೇಕಾಗಿಲ್ಲ.

ರೋಮಾಪುರದವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯವನ್ನು ಬರಿಯ ವಂದನೆಗಳ ಪಟ್ಟಿಯೆಂದು ಬಹಳ ಜನ ಓದದೆ ಬಿಡುತ್ತಾರೆ. ಓದಿದರೆ ಅಲ್ಲಿ ಲಿಪಿಕಾರನಾದ ತೆರ್ತ್ಯನು ತಾನೇ ಇಣುಕಿ ಒಂದು ವಂದನೆ ಹೇಳುವುದು ಕೇಳಿಸುತ್ತದೆ. ಕೆಂಖ್ರೆಯ ಸಭೆಯ ಫೊಯಿಬೆಯನ್ನು ಪೌಲನು ಶಿಫಾರಸು ಮಾಡುತ್ತಾನೆ. ಓಲೆಯನ್ನು ಒಯ್ದವಳು ಅವಳೇ ಇರಬೇಕು. ಅವಳಿಗೆ ಅವನು ಕೊಟ್ಟ 'ದಿಯಾಕೊನೊಸ್' ಎಂಬ ಪದವಿ ಅವನು ತನಗೇ ಬೇರೆಡೆ ಇಟ್ಟುಕೊಂಡುದು. ಅನಂತರ ಅಂದ್ರೋನಿಕ, ಯೂನ್ಯ ಎಂಬಿಬ್ಬರು ಅಪೊಸ್ತಲರಲ್ಲಿ ಹೆಸರಾದವರೆಂದು ಬರುತ್ತದೆ. ಯೂನ್ಯ ಹೆಣ್ಣು ಹೆಸರು. ಅಪೊಸ್ತಲಳೊಬ್ಬಳಿರುವುದು ಒಪ್ಪಿಗೆಯಾಗದೆ ಶತಮಾನಗಳ ಅಂತರದಲ್ಲಿ ಪಾಶ್ಚಾತ್ಯ ಮುದ್ರಣಗಳು ಸ್ವರಚಿಹ್ನೆಯನ್ನು ಬದಲಾಯಿಸಿ ಅವಳನ್ನು ಗಂಡಾಗಿಸಿದವು, ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಮತ್ತೆ ಹೆಣ್ಣಾಗಿಸಿದವು. ಕನ್ನಡದಲ್ಲಿ 'ಯೂನ್ಯ' ಎಂಬ ಅಕಾರಾಂತ ಹೆಸರೂ, ಇಬ್ಬರಿಗೂ ಒಟ್ಟಾಗಿ ಸಲ್ಲುವ 'ಅವರು' ಎಂಬ ಬಹುವಚನವೂ ತಾವಾಗಿಯೇ ಅವಳನ್ನು ಗಂಡೆಂದೂ ಹೆಣ್ಣೆಂದೂ ಹೇಳುವುದಿಲ್ಲ.